ಗುಡ್ಡನ ಲೈನಿಗೆ ಬಂದ ಕೆಂಪು ಬೈಕು

ಮೀನಿನ ದೋಣಿಗಳು ಬಂದು ನಿಲ್ಲುವ ಗಂಗೊಳ್ಳಿಯ ದಕ್ಕೆಯಲ್ಲಿ ಗುಡ್ಡನ ಹೆಸರು ಹೇಳಿದರೆ ಜನ ಮೊದಲು ತಮ್ಮ ದವಡೆ ಮುಟ್ಟಿ ನೋಡಿಕೊಳ್ಳುತ್ತಾರೆ. ಆಮೇಲೆ, ಒಳ್ಳೆಯ ಮನುಷ್ಯ ಎನ್ನುತ್ತಾರೆ. ಎರಡೂ ನಿಜ. ಮೀನು ಕೊಡುವಾಗ ಒಂದು ಬಂಗುಡೆ ಹೆಚ್ಚೇ ಹಾಕುವ ಕೈ ಅದು. ಜಗಳಕ್ಕೆ ನಿಂತರೆ ಪೆಟ್ಟನ್ನೂ ಹಾಗೆಯೇ ಒಂದು ಹೆಚ್ಚು ಹಾಕುತ್ತದೆ.

ಹಟ್ಟಿಯಂಗಡಿಯ ಲೈನ್ ಗುಡ್ಡನದು. ಬೆಳಿಗ್ಗೆ ದಕ್ಕೆಯಲ್ಲಿ ಮೀನು ತುಂಬಿಸಿಕೊಂಡು ಒಳಗಿನ ಊರುಗಳಿಗೆ ಮನೆಮನೆ ಹೋಗುವವರಿಗೆ ಒಬ್ಬೊಬ್ಬರಿಗೆ ಒಂದೊಂದು ರಸ್ತೆ. ಅದೇ ಲೈನ್. ಯಾವ ಕಚೇರಿಯಲ್ಲೂ ಅದರ ರಿಜಿಸ್ಟ್ರಿ ಆಗುವುದಿಲ್ಲ. ಮುಷ್ಟಿಯೇ ಸೀಲು, ಮುಷ್ಟಿಯೇ ಸಹಿ. ಗುಡ್ಡನ ಅಮ್ಮ ಅಕ್ಕು ತಲೆಮೇಲೆ ಬುಟ್ಟಿ ಹೊತ್ತು ನಡೆದು ಮಾಡಿದ ಲೈನ್ ಅದು. ಅವಳು ಹೋದ ಮೇಲೆ ಮಗ ಮೊಪೆಡ್ ಹತ್ತಿದ. ಮಧ್ಯದಲ್ಲಿ ಒಬ್ಬ ಅದರೊಳಗೆ ನುಗ್ಗಲು ನೋಡಿ ಮೂಗು ಮುರಿಸಿಕೊಂಡ. ಅವನೀಗ ಯಡ್ತರೆ ಕಡೆ ಮೀನು ಮಾರುತ್ತಾನೆ. ಮೂಗು ಮಾತ್ರ ಈಗಲೂ ಹಟ್ಟಿಯಂಗಡಿಯ ಕಡೆಗೇ ತಿರುಗಿಕೊಂಡಿದೆ.

ಮೊಪೆಡ್ಡಿನ ಹ್ಯಾಂಡಲ್ಲಿಗೆ ಗುಡ್ಡ ಒಂದು ರಬ್ಬರ್ ಉಂಡೆಯ ಹಾರ್ನ್ ಕಟ್ಟಿದ್ದ. ಎರಡು ಗಿಡ್ಡ, ಒಂದು ಉದ್ದ: ಪೋಂ, ಪೋಂ, ಪೋಂ‍ಓಂ. ಅದು ಕೇಳಿದೊಡನೆ ಮೊದಲು ಬೆಕ್ಕುಗಳು ಗೇಟಿಗೆ ಬರುತ್ತಿದ್ದವು, ಬೆಕ್ಕಿನ ಹಿಂದೆ ತಟ್ಟೆ ಹಿಡಿದ ಹೆಂಗಸರು. ಅಷ್ಟು ಸಲೀಸಾದ ವ್ಯಾಪಾರ.

ಇಂಥ ಸಲೀಸು ವ್ಯಾಪಾರದ ಮೇಲೆ ರತೀಶನ ಕಣ್ಣು ಬಿತ್ತು. ಮುಂಬೈಯ ಹೋಟೆಲಿನಲ್ಲಿ ಒಂದಷ್ಟು ವರ್ಷ ಇದ್ದು, ಅಲ್ಲಿ ಮ್ಯಾನೇಜರಿಗೆ ಬಾರಿಸಿ ಊರಿಗೆ ಬಂದ ಹುಡುಗ. ಬೈಕಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಸೀದಾ ಹಟ್ಟಿಯಂಗಡಿ ರಸ್ತೆಗೇ ಇಳಿದ. ಗುಡ್ಡ ಹೋಗಿ ನಿಂತ ಮನೆಯಲ್ಲೆಲ್ಲ ಒಂದೇ ಮಾತು: "ಆಗ್ಳೇ ತಕಂಡ್ ಆಯ್ತಲ್ದಾ ಮಾರಾಯ." ದೂರದ ತಿರುವಿನಲ್ಲಿ ರತೀಶನ ಬೈಕಿನ ಬಾಲ ಕಾಣುತ್ತಿತ್ತು. ಹೇಗೆ ತೆಗೆದುಕೊಂಡಿರಿ, ಏನು ಹೇಳಿ ಕೊಟ್ಟ ಎಂದು ಕೇಳುವ ವ್ಯವಧಾನ ಗುಡ್ಡನ ತಲೆಗಿರಲಿಲ್ಲ. ಅವನು ಓಡುತ್ತಾನೆ, ನಾನು ತೆವಳುತ್ತೇನೆ. ಇಷ್ಟೇ ಅವನ ಲೆಕ್ಕಾಚಾರ.

ಮೀನು ವಾಪಸು ಬರತೊಡಗಿದ ಮೇಲೆ ಒಂದು ಬೆಳಿಗ್ಗೆ ದಕ್ಕೆಯಲ್ಲೇ ಗುಡ್ಡ ಐಸು ತುಂಬಿದ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ರತೀಶನ ತಲೆಗೆ ಇಳಿಸಿದ. ಐಸು ಕೆಂಪಾಯಿತು. ರತೀಶ ಮೊಣಕಾಲೂರಿದವನು ಹಾಗೆಯೇ ಬಗ್ಗಿ, ಪೆಟ್ಟಿಗೆ ಎಳೆಯುವ ಕಬ್ಬಿಣದ ಕೊಕ್ಕೆ ಹೆಕ್ಕಿ ಗುಡ್ಡನ ಭುಜಕ್ಕೆ ಹಾಕಿ ಎಳೆದ. ಅಂಗಿಯೂ ಹರಿಯಿತು, ಒಳಗಿನದೂ ಹರಿಯಿತು. ಗುಡ್ಡ ಭುಜ ಹಿಡಿದುಕೊಂಡು ಕೂತಾಗ ರತೀಶ, ಕಣ್ಣಿಗಿಳಿದ ರಕ್ತ ಒರೆಸಿಕೊಳ್ಳುತ್ತ, ಮೊಪೆಡ್ಡನ್ನು ಹಾರ್ನ್ ಸಮೇತ ತಳ್ಳಿಕೊಂಡು ಹೋಗಿ ಹೊಳೆಗೆ ಹಾಕಿದ.

"ಹ್ವಾಯ್ ಗುಡ್ಡಣ್ಣ, ಇನ್ ಈಜ್ಕಂಡ್ ಹೋಗ್ ಹಟ್ಟಿಯಂಗಡಿಗೆ!"

ದಕ್ಕೆಯಲ್ಲಿ ಅಷ್ಟು ಜನ ಇದ್ದರೂ ನೋಡಿದವರು ಯಾರೂ ಇರಲಿಲ್ಲ. ಡಾಕ್ಟರರ ಹತ್ತಿರ ಇಬ್ಬರೂ ಜಾರಿ ಬಿದ್ದದ್ದೆಂದೇ ಹೇಳಿದರು. ಇಬ್ಬರಿಗೂ ಒಂದೇ ಬೆಂಚಿನ ಮೇಲೆ ಹೊಲಿಗೆ ಹಾಕಿದರು.

ಹೊಲಿಗೆ ಬಿಚ್ಚಿದ ದಿನವೇ ಗುಡ್ಡ ಹೆಂಡತಿ ಸರಸಳನ್ನು ಕರೆದುಕೊಂಡು ಬಸ್ಸು ಹತ್ತಿ ಬ್ರಹ್ಮಾವರಕ್ಕೆ ಹೋದ. ಹೆದ್ದಾರಿಯ ಬದಿಯಲ್ಲಿ ಪ್ರೇಮಾನಂದನ ಹಳೇ ಬೈಕುಗಳ ಅಂಗಡಿ.

"ಬನಿ ಬನಿ. ಯಾವ್ ನಮೂನಿ ಗಾಡಿ ಬೇಕ್?"

"ಎಲ್ರಿಗಿಂತ ಮುಂದ್ ಹೋಪುದ್."

ಪ್ರೇಮಾನಂದ ಗಿರಾಕಿಯನ್ನು ಕಾಲಿನಿಂದ ತಲೆವರೆಗೆ ಅಳೆದ. ಗಿಡ್ಡ ಕಾಲು, ಹೊಟ್ಟೆ ಸ್ವಲ್ಪ ಮುಂದೆ, ಭುಜದಲ್ಲಿ ಹೊಸ ಗಾಯ. "ಇಷ್ಟ್ ದಿನ ಎಂತ ಓಡ್ಸ್ತಿದ್ರಿ?"

"ಮೊಪೆಡ್."

"ಗೇರಿನ್ ಗಾಡಿ?"

"ಲೈಸೆನ್ಸ್ ಇತ್. ಗಾಡಿ ಇರ್ಲಿಲ್ಲೆ, ಅಷ್ಟೇ."

ಪ್ರೇಮಾನಂದ ಒಂದು ನೂರೈವತ್ತು ಸಿಸಿಯ ನೀಲಿ ಬೈಕನ್ನು ಮುಂದೆ ತಂದ. "ಸ್ಪೋರ್ಟ್ಸ್ ಬೈಕೇ ಬೇಕಂದ್ರೆ ಇದ್ ತಕಣಿ. ಹಗುರ. ಕಾಲ್ ಎರಡೂ ನೆಲಕ್ ಮುಟ್ಟತ್. ಕ್ಲಚ್ ಕಲಿವ ವರಿಗೆ ಬಿದ್ರೂ ಒಬ್ರೇ ಎತ್ತುಕಾತ್. ಒಂದ್ ವರ್ಷ ಓಡ್ಸಿ, ಕಡಿಗೆ ದೊಡ್ಡದಕ್ಕೆ ಬನಿ."

ಗುಡ್ಡನ ಕಣ್ಣು ಆಚೆ ನಿಂತ ಮುನ್ನೂರು ಸಿಸಿಯ ಕೆಂಪು ಬೈಕಿನ ಮೇಲಿತ್ತು. ಎರಡು ಹೆಡ್‌ಲೈಟು ಓರೆಯಾಗಿ, ಹೊಡೆಯಲು ಬಂದವನ ಕಣ್ಣಿನ ಹಾಗೆ. ಆ ಮುಖ ಅವನಿಗೆ ಪರಿಚಯದ್ದೆನಿಸಿತು. ಕನ್ನಡಿಯಲ್ಲಿ ದಿನಾ ಕಾಣುವಂಥದ್ದು.

"ಅದ್."

"ಅದ್ ಹೊಸಬ್ರಿಗಲ್ಲ ಅಣ್ಣ." ಪ್ರೇಮಾನಂದ ಇದನ್ನು ಒಂದೇ ಸಲ ಹೇಳಿದ. ಎರಡನೇ ಸಲ ಎಚ್ಚರಿಸಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆಂಬುದು ಅವನಿಗೆ ಗೊತ್ತು.

ಸರಸ ಬೈಕಿನ ಹಿಂದಿನ ಸೀಟನ್ನು ನೋಡುತ್ತಿದ್ದಳು. ಮಣೆಯಷ್ಟೂ ಅಗಲವಿಲ್ಲದ್ದು, ಆಕಾಶಕ್ಕೆ ಮೂತಿ ಎತ್ತಿಕೊಂಡಿತ್ತು. "ಮೀನಿನ್ ಪೆಟ್ಗಿ ಎಲ್ಲಿ ಇಡುದ್? ನಿಮ್ ತಲಿ ಮೇಲಾ?"

"ನೀ ಸುಮ್ನಿರ್."

"ನಾ ಸುಮ್ನೇ ಇದ್ದೆ. ಪೆಟ್ಗಿ ಸುಮ್ನಿಪ್ಪುದಿಲ್ಲೆ."

ಗುಡ್ಡ ಹತ್ತಿದ. ಹ್ಯಾಂಡಲ್ ಎಷ್ಟು ಕೆಳಗಿತ್ತೆಂದರೆ ಗಾಡಿಗೆ ಅಡ್ಡಬಿದ್ದು ಕೈಮುಗಿದ ಹಾಗಾಯಿತು. ಗೇರು ಹಾಕಿದ, ಕ್ಲಚ್ಚನ್ನು ಬಿಸಿ ಪಾತ್ರೆ ಬಿಟ್ಟ ಹಾಗೆ ಬಿಟ್ಟ. ಬೈಕು ಒಂದೇ ನೆಗೆತಕ್ಕೆ ಅವನನ್ನು ಬೇಲಿಯ ಕಲ್ಲುಕಂಬಕ್ಕೆ ಕೊಂಡುಹೋಗಿ ಕೊಟ್ಟಿತು. ಗದ್ದ ಸೀಳಿತು. ಎದ್ದವನು ಬೈಕಿನ ಹೊಟ್ಟೆಗೆ ಒದ್ದ. ಹೆಬ್ಬೆರಳಿನ ಉಗುರು ಎದ್ದು ಬಂತು. ಬೈಕಿಗೆ ಒಂದು ಗೀರು ಮಾತ್ರ.

ಪ್ರೇಮಾನಂದ ಹತ್ತಿ ತಂದು ಗದ್ದಕ್ಕೆ ಒತ್ತುತ್ತ, "ನಿಮ್ ರಕ್ತ ಬಿದ್ದ ಗಾಡಿನ ನಾ ಬೇರೆಯವ್ರಿಗ್ ಹ್ಯಾಂಗ್ ತೋರ್ಸುದ್ ಹೇಳಿ?" ಎಂದ. ವ್ಯಾಪಾರ ಅಲ್ಲಿಗೆ ಮುಗಿಯಿತು. ಸರಸಳ ಬಳೆಗಳೂ ಮುಗಿದವು.

ಗದ್ದೆಯೊಂದರಲ್ಲಿ ಬಿದ್ದು ಬಿದ್ದು ಗುಡ್ಡ ಕ್ಲಚ್ಚು ಕಲಿತ. ಮೊಣಕೈಯಲ್ಲಿ ಚರ್ಮ ಕಡಿಮೆಯಾದ ಹಾಗೆ ಗೇರಿನ ಜ್ಞಾನ ಹೆಚ್ಚುತ್ತ ಬಂತು. ಕುಂದಾಪುರದಲ್ಲಿ ವೆಲ್ಡಿಂಗಿನವನು ಬೈಕಿನ ಬಾಲಕ್ಕೆ ಕಬ್ಬಿಣದ ಚೌಕಟ್ಟು ಬೆಸೆದು, ನಗು ತಡೆಯಲಾಗದೆ ಮುಖವಾಡ ತೆಗೆಯಲೇ ಇಲ್ಲ. ಪೆಟ್ಟಿಗೆ ಇಟ್ಟರೆ ಅದು ಗುಡ್ಡನ ಹೆಲ್ಮೆಟ್ಟಿಗಿಂತ ಮೇಲಿನಿಂದ ರಸ್ತೆ ನೋಡುತ್ತಿತ್ತು. ಕೆಳಗಿನ ಹ್ಯಾಂಡಲ್ಲಿಗೆ ರಬ್ಬರ್ ಹಾರ್ನ್ ಕಟ್ಟಲು ಜಾಗವಿರಲಿಲ್ಲ. ಹೊಸದನ್ನು ತರಲೂ ಇಲ್ಲ. ಇಷ್ಟು ಸದ್ದಿನ ಗಾಡಿಗೆ ಹಾರ್ನ್ ಯಾಕೆ?

ಮೊದಲ ದಿನವೇ ಗುಡ್ಡ ರತೀಶನಿಗಿಂತ ಎಷ್ಟೋ ಮುಂಚೆ ಹಟ್ಟಿಯಂಗಡಿ ಮುಟ್ಟಿದ. ಬೈಕು ಗರ್ಜಿಸಿತು. ಗೇಟಿನಲ್ಲಿದ್ದ ಬೆಕ್ಕುಗಳು ಕಂಪೌಂಡಿನ ಪಾಗಾರ ಹಾರಿ ಪರಾರಿ. ಯಾರೋ ಕಾಲೇಜು ಹುಡುಗರ ಹಾರಾಟವೆಂದು ಹೆಂಗಸರು ಮಕ್ಕಳನ್ನು ಒಳಗೆಳೆದು ಬಾಗಿಲು ಹಾಕಿಕೊಂಡರು. "ಮೀನ್! ಮೀನ್!" ಎಂದು ಗುಡ್ಡ ಹೆಲ್ಮೆಟ್ಟಿನೊಳಗೆ ಕೂಗಿದ್ದು ಹೆಲ್ಮೆಟ್ಟಿಗೆ ಮಾತ್ರ ಕೇಳಿಸಿತು. ಒಂದು ತಟ್ಟೆಯೂ ಹೊರಗೆ ಬರಲಿಲ್ಲ.

ಕೊನೆಗೆ ಅಮ್ಮನ ಕಾಲದ ಗಿರಾಕಿ ಜಲಜಕ್ಕನ ಗೇಟಿನೆದುರು ಬೈಕು ನಿಲ್ಲಿಸಿ, ಹೆಲ್ಮೆಟ್ ತೆಗೆದು ಉಸಿರು ಬಿಟ್ಟ. ಆಗ ಹಿಂದಿನ ತಿರುವಿನಿಂದ ಕೇಳಿಸಿತು.

ಪೋಂ, ಪೋಂ, ಪೋಂ‍ಓಂ.

ಎರಡು ಗಿಡ್ಡ, ಒಂದು ಉದ್ದ. ಹೊಳೆಯ ತಳದಲ್ಲಿರಬೇಕಾದ ತನ್ನ ಹಾರ್ನ್! ಪಾಗಾರ ಹಾರಿದ್ದ ಬೆಕ್ಕುಗಳು ಬಾಲ ನೆಟ್ಟಗೆ ಮಾಡಿಕೊಂಡು ವಾಪಸು ಬಂದವು. ಜಲಜಕ್ಕ ತಟ್ಟೆ ಹಿಡಿದು ಬಾಗಿಲಿಗೆ ಬಂದಳು. "ಗುಡ್ಡನ ಮೀನ್ ಬಂತ್ ಕಾಣಿ" ಎಂದು ಒಳಗಿನವರಿಗೆ ಹೇಳುತ್ತ ತಿರುಗಿದವಳು, ಗೇಟಿನಲ್ಲಿ ನಿಜವಾದ ಗುಡ್ಡನನ್ನು ಕಂಡು ನಿಂತುಬಿಟ್ಟಳು.

"ನೀ ಇಲ್ ಇದ್ದೆ. ಮತ್ತ್ ಆ ಹುಡ್ಗನ್ನ ಎಂತಕ್ ಕಳ್ಸದ್ದ್?"

"ಜಲಜಕ್ಕ, ಅಂವ ದಿನಾ ಇದೇ ಹಾರ್ನ್ ಮಾಡ್ತ್ನಾ?"

"ಮತ್ತೆ? ಮೊದಲ್ನೇ ದಿನದಿಂದ್ಲೂ ಇದೇ. ಹಾರ್ನ್ ಕೇಂಡ್ ಹೊರ್ಗ್ ಬಂದೆ, ಕಂಡ್ರೆ ಈ ಹುಡ್ಗ. 'ಗುಡ್ಡಣ್ಣನೇ ಕಳ್ಸದ್ದ್' ಅಂದ. ತಟ್ಟಿ ಹಿಡ್ಕಂಡ್ ಗೇಟಿಗ್ ಬಂದವಳ್ ಖಾಲಿ ತಟ್ಟಿ ಒಳ್ಗ್ ತಕಂಡ್ ಹೋಪುಕಾತ್ತಾ?"

ಹೋಗುವುದಿಲ್ಲ. ಆ ಲೈನಿನ ಯಾವ ಹೆಂಗಸೂ ಹೋಗುವುದಿಲ್ಲ. ಅದು ಗುಡ್ಡನಿಗೂ ಗೊತ್ತು, ರತೀಶನಿಗೂ ಗೊತ್ತಿತ್ತು. ಅವನು ವೇಗವನ್ನು ಮಾರಿರಲೇ ಇಲ್ಲ, ಗುಡ್ಡನನ್ನೇ ಮಾರಿದ್ದ.

ಗಾಯ ಇನ್ನೂ ಮಾಗದೆ ತಲೆಗೆ ಬ್ಯಾಂಡೇಜು ಸುತ್ತಿಕೊಂಡೇ ಇದ್ದ ರತೀಶ ತಿರುವು ದಾಟಿ ಬಂದು, ಕೆಂಪು ಬೈಕು ಕಂಡು ನಕ್ಕ. "ಹ್ವಾಯ್, ಇದೆಂತ! ಅಂಜಲ್ ಮೀನಿಗೆ ಚಕ್ರ ಕಟ್ಟಿದ್ಯಾ?"

ಗುಡ್ಡ ಬೈಕು ಹತ್ತಿದ. ಗದ್ದೆಯಲ್ಲಿ ಕಲಿತದ್ದೆಲ್ಲ ಮರೆತುಹೋಗಿ, ಪ್ರೇಮಾನಂದನ ಅಂಗಡಿಯಲ್ಲಿ ಬಿಟ್ಟ ಹಾಗೆಯೇ ಕ್ಲಚ್ ಬಿಟ್ಟ. ಬೈಕು ಅದೇ ನೆಗೆತ ನೆಗೆದು ರತೀಶನ ಬೈಕಿನ ಪಕ್ಕೆಗೆ ನುಗ್ಗಿತು. ತಲೆಮೇಲಿನ ಪೆಟ್ಟಿಗೆ ಹಾರಿ ಗುಡ್ಡನ ಬೆನ್ನಿಗೇ ಬಿತ್ತು. ಎಡಗೈ ಬೈಕಿನಡಿ ಸಿಕ್ಕಿ ಹಸಿ ಕೋಲು ಮುರಿದಂಥ ಸದ್ದಾಯಿತು. ರತೀಶ ಎದ್ದು, ತೂಕದ ಕಬ್ಬಿಣದ ಬಟ್ಟು ಮುಷ್ಟಿಯಲ್ಲಿ ಹಿಡಿದು ಗುಡ್ಡನ ಬಾಯಿಗೆ ಬಾರಿಸಿದ. ಎದುರಿನ ಹಲ್ಲೆರಡು ಬಂಗುಡೆಯ ನಡುವೆ ಬಿದ್ದವು. ಗುಡ್ಡ ಉಳಿದ ಹಲ್ಲುಗಳನ್ನು ಅವನ ಮುಂಗೈಗೆ ಊರಿದ, ಬಿಡಲಿಲ್ಲ. ಬಲಗೈಯಲ್ಲಿ ಬ್ಯಾಂಡೇಜು ಹಿಡಿದೆಳೆದು ತಲೆಯನ್ನು ಗೇಟಿನ ಕಂಬಕ್ಕೆ ಒಂದು ಸಲ ಕೊಟ್ಟ, ರೂಢಿಯಂತೆ ಒಂದು ಹೆಚ್ಚೂ ಕೊಟ್ಟ.

"ಬಿಡಾ! ಸಾಯ್ತ ಅಂವ!" ಎಂದು ಜಲಜಕ್ಕ ಕಿರುಚಿ, ತಟ್ಟೆಯಿಂದ ಸಿಕ್ಕ ಸಿಕ್ಕ ಬೆನ್ನಿಗೆ ಬಡಿಯುತ್ತಿದ್ದಳು. ಬೆಕ್ಕುಗಳು ಮಾತ್ರ ಯಾರ ಪಕ್ಷವನ್ನೂ ವಹಿಸದೆ ಮೀನು ತಿನ್ನುತ್ತಿದ್ದವು.

ಮೂರನೇ ಸಲ ಕೊಡಲು ಹೋದ ಕೈಯನ್ನು ಗುಡ್ಡ ತಾನೇ ತಡೆದ. ರತೀಶನನ್ನು ಬಿಟ್ಟು, ಬಿದ್ದಿದ್ದ ಅವನ ಬೈಕಿನ ಹ್ಯಾಂಡಲ್ಲಿನಿಂದ ರಬ್ಬರ್ ಹಾರ್ನನ್ನು ತಂತಿ ಸಮೇತ ಕಿತ್ತುಕೊಂಡ. ರಕ್ತ ಉಗುಳಿ, ಅದನ್ನು ಎದೆಗವಚಿ ರಸ್ತೆ ಮಧ್ಯೆ ಕೂತ.

ರತೀಶ ಇನ್ನೊಂದು ಹಾರ್ನ್ ತರಬಹುದಿತ್ತು. ಆದರೆ ಜಲಜಕ್ಕನ ಬಾಯಿ ಅಷ್ಟರಲ್ಲಿ ಲೈನ್ ಪೂರ್ತಿ ಸುತ್ತಿ ಬಂದಿತ್ತು. ಈಗ ಹೆಂಗಸರು ಮೊದಲು ಮುಖ ಇಣುಕಿ ನೋಡಿ, ಆಮೇಲೆ ತಟ್ಟೆ ತರುತ್ತಿದ್ದರು.

ಕೆಂಪು ಬೈಕನ್ನು ಪ್ರೇಮಾನಂದನೇ ವಾಪಸು ತೆಗೆದುಕೊಂಡ, ಗೀರು ಒಂದೊಂದಕ್ಕೂ ಬೇರೆ ಬೇರೆ ಬೇಸರಪಟ್ಟು. ಆ ದುಡ್ಡಿನಲ್ಲಿ ಒಂದು ಹಳೇ ಸ್ಕೂಟರ್ ಬಂತು. ಗುಡ್ಡನ ಕೈಗೆ ಪ್ಲಾಸ್ಟರ್ ಇದ್ದುದರಿಂದ ಸರಸ ಓಡಿಸಿದಳು. ಪೆಟ್ಟಿಗೆ ಅವಳ ಕಾಲಬುಡದಲ್ಲಿ. ಹಿಂದೆ ಗುಡ್ಡ, ಬಲಗೈಯಲ್ಲಿ ಹಾರ್ನ್.

ಹೀಗೆ ಹೋಗುತ್ತಿರುವಾಗ ಒಂದು ಬೆಳಿಗ್ಗೆ, ಜಲಜಕ್ಕನ ಮನೆ ಇನ್ನೂ ಆಚೆ ಇರುವಾಗ, ಹಿಂದಿನಿಂದ ಗರ್ಜನೆ ಕೇಳಿಸಿತು. ಕೆಂಪು ಬೈಕು. ಬಾಲಕ್ಕೆ ಅದೇ ಕಬ್ಬಿಣದ ಚೌಕಟ್ಟು, ಅದರ ಮೇಲೆ ಪೆಟ್ಟಿಗೆ, ಗಾಡಿಯ ಮೇಲೆ ಅಡ್ಡಬಿದ್ದ ರತೀಶ. ಗುಡ್ಡನಿಗಿಂತ ಮುಂದೆ ಹೋಗುವ ಗಾಡಿ ಬೇಕೆಂದು ಅವನು ಕೇಳಿದ್ದನಂತೆ. ಪ್ರೇಮಾನಂದ ಅವನಿಗೂ ಒಂದು ಸಲ ಎಚ್ಚರಿಸಿದ್ದನಂತೆ.

ಬೈಕು ಅವರ ಮೊಣಕಾಲು ಸವರಿಕೊಂಡೇ ನುಗ್ಗಿತು. ಸರಸಳ ಸ್ಕೂಟರ್ ಓಲಾಡಿ ಮಣ್ಣಿಗಿಳಿಯಿತು. ಎರಡೂ ಬದಿಯ ಬೆಕ್ಕುಗಳು ಪಾಗಾರ ಹಾರಿದವು, ಬಾಗಿಲುಗಳು ದಡದಡ ಮುಚ್ಚಿಕೊಂಡವು.

"ಬೋಳಿಮಗ!" ಗುಡ್ಡನ ಮೈಯೆಲ್ಲ ಬಿಗಿಯಿತು. ಹಲ್ಲಿಲ್ಲದ ಜಾಗದಲ್ಲಿ ಉಸಿರು ಸಿಳ್ಳೆ ಹೊಡೆಯಿತು. ಇಷ್ಟು ವರ್ಷದ ರೂಢಿಯಂತೆ ಬಲಗೈ ತಾನಾಗಿಯೇ ಮುಷ್ಟಿ ಕಟ್ಟಿತು.

ಮುಷ್ಟಿಯೊಳಗೆ ಹಾರ್ನ್ ಇತ್ತು.

ಪಾಗಾರದ ಮೇಲೆ ಮೊದಲು ಎರಡು ಕಿವಿ ಕಾಣಿಸಿಕೊಂಡವು, ಆಮೇಲೆ ಬೆಕ್ಕು. ಅದರ ಹಿಂದೆ ಬಾಗಿಲು ತೆರೆದು ಯಾರೋ ಮುಖ ಇಣುಕಿ ನೋಡಿ, ತಟ್ಟೆ ತರಲು ಒಳಗೆ ಹೋದರು.