ಹಪ್ಪಳ ಮುರಿದು ಜಂತಿ ನೋಡುವ ಹೊಳೆಪ್ಪ

ಬೆಳಗಿನ ಆರು ಗಂಟೆ. ಯರಗುಪ್ಪಿಯ ಶಿದ್ಲಿಂಗಪ್ಪನವರ ಪಡಸಾಲೆಯಲ್ಲಿ ಏಣಿ ಹತ್ತಿರುವ ಹೊಳೆಪ್ಪ, ಮಹಡಿಯ ಹಲಗೆ ನೆಲ ಹೊತ್ತ ಜಂತಿಗೆ ಮೂಗು ಹಚ್ಚಿ ಮೂಸುತ್ತಿದ್ದಾರೆ. ಜಂತಿ ಗೋಡೆಯೊಳಗೆ ಹೋಗುವ ಕಡೆ ದಾರದಲ್ಲಿ ಕಟ್ಟಿದ ಉದ್ದಿನ ಹಪ್ಪಳವೊಂದು ಜೋತಾಡುತ್ತಿದೆ. ಹಿಂದಿನ ಸಂಜೆ ಎಂಟು ಜಂತಿಗೆ ಕರಿಯದ ಎಂಟು ಒಣ ಹಪ್ಪಳ ಕಟ್ಟಿ ಹೋಗಿದ್ದರು. ಮುರಿದರೆ ‘ಟಪ್’ ಅನ್ನಬೇಕು. ಮೆತ್ತಗೆ ಬಾಗಿದರೆ ಅಲ್ಲಿ ತೇವ ಇದೆ, ಮರ ಒಳಗೇ ಕೊಳೆಯುತ್ತಿರಬಹುದು ಎಂದರ್ಥ.

ಭಾನುವಾರ ಈ ಮನೆಯ ಮಗಳು, ಏಳು ತಿಂಗಳ ಬಸುರಿ ಸುವರ್ಣಾಳ ಕುಬಸ, ಅಂದರೆ ಸೀಮಂತ. ಅರವತ್ತು ಹೆಂಗಸರು ಮಹಡಿಯಲ್ಲಿ ಕೂರುವವರಿದ್ದಾರೆ. ನೆಲ ತಡೆಯುತ್ತದೋ ಇಲ್ಲವೋ ಹೊಳೆಪ್ಪ ಹೇಳಬೇಕು.

“ಉದ್ದಿನ ಹಪ್ಪಳದಾಗ ಉಪ್ಪು ಇರತೈತ್ರಿ, ತ್ಯಾವ ಲಗೂನ ಹಿಡೀತೈತಿ. ಈಗ ಮಷೀನು ಬಂದಾವಂತ. ಬರ್ಲಿ. ಕೆಲಸ ಮುಗದ ಮ್ಯಾಲ ಅದನ್ನ ಕರದು ತಿನ್ನಾಕ ಬರೂದಿಲ್ಲ” ಎನ್ನುತ್ತಾರೆ.

ಕುಬಿಹಾಳದ ಈ ಅರವತ್ತೆರಡರ ಬಡಿಗ ಮೊದಲು ಬಾಗಿಲು, ಚೌಕಟ್ಟು ಮಾಡುತ್ತಿದ್ದವರು. ಹದಿನಾಲ್ಕು ವರ್ಷದ ಹಿಂದೆ ತಿರ್ಲಾಪುರದಲ್ಲಿ ಒಂದು ಅಟ್ಟ ಗಟ್ಟಿ ಇದೆ ಎಂದು ಹೇಳಿ, ಹೇಳಿದ ಜಾಗದಲ್ಲೇ ಕಾಲೂರಿ ಕೆಳಗೆ ಬಿದ್ದರು. “ಕೆಳಗ ಹತ್ತಿ ಒಟ್ಟಿದ್ರು, ಉಳಕೊಂಡೆ. ಕಡ್ಲಿ ಒಟ್ಟಿದ್ರ ನೀವು ಇವತ್ತ ನನ್ನ ಹೆಂಡ್ತಿ ಕೂಡ ಮಾತಾಡಬೇಕಾಗ್ತಿತ್ತು.” ಅಂದಿನಿಂದ ಕಣ್ಣನ್ನು ನಂಬುವುದು ಬಿಟ್ಟಿದ್ದಾರೆ. “ಗೆದ್ದಲಿ ಹತ್ತಿದ್ರ ಮಣ್ಣು ಕಾಣತೈತ್ರಿ. ಬೂಸ್ಟು ಹಂಗಲ್ಲ. ಹೊರಗ ಅಗದಿ ಚಂದ, ಒಳಗ ರವಾ.”

ಮಳೆಗಾಲ ಮುಗಿದರೆ ವಾರಕ್ಕೆ ನಾಲ್ಕೈದು ಮನೆ, ಮೂವತ್ತು ನಲವತ್ತು ಹಪ್ಪಳ. ಅಷ್ಟನ್ನೂ ಲಟ್ಟಿಸುವ ಹೆಂಡತಿ ಸುಶೀಲವ್ವನ ದೂರು ಬೇರೆ: “ಮನ್ಯಾಗ ಉಣ್ಣಾಕ ಒಂದ್ ಹಪ್ಪಳ ಇಲ್ರಿ. ಮಂದಿ ಮನಿ ಜಂತಿ ತಿಂದಾವ.”

ಟಪ್, ಟಪ್. ಎಂಟೂ ಹಪ್ಪಳ ಮುರಿಯುತ್ತವೆ. ಶಿದ್ಲಿಂಗಪ್ಪ ಮೀಸೆಯ ಮೇಲೆ ಕೈ ಆಡಿಸುತ್ತಾರೆ. “ನಮ್ಮ ಮುತ್ಯಾ ಹಾಕಿಸಿದ ಸಾಗವಾನಿ. ನಾ ಮೊದ್ಲ ಹೇಳಿದ್ದೆ.” ಹೊಳೆಪ್ಪ ಮಾತ್ರ ಒಂದು ಚೂರನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಅಂಚಿನಲ್ಲಿ ಸಣ್ಣದೊಂದು ಸುಟ್ಟ ಗುಳ್ಳೆ.

“ಅಕ್ಕಾರ, ಹಪ್ಪಳ ಒಲಿಗೆ ಹಿಡದಿದ್ರೇನು?”

ಶಿದ್ಲಿಂಗಪ್ಪನವರ ಹೆಂಡತಿ ಬಸಕ್ಕ ಸೆರಗು ಸರಿಮಾಡಿಕೊಳ್ಳುತ್ತಾರೆ. “ನಸಿಕಿನ್ಯಾಗ ಎದ್ದು ನೋಡಿದ್ರ ಮೆತ್ತಗಾಗಿದ್ವು. ಮಂದಿ ಕೊಟ್ಟ ಹಪ್ಪಳ ನಮ್ಮ ಮನ್ಯಾಗ ಕೆಟ್ರ ಚಂದ ಕಾಣತೈತೇನ್ರಿ? ಕೆಂಡದ ಮ್ಯಾಲ ಬೆಚ್ಚಗ ಮಾಡಿ ತಿರುಗಿ ಕಟ್ಟೀನಿ.”

“ಎಂಟೂ ಮೆತ್ತಗಾಗಿದ್ವೇನು?”

“ಎರಡ ರಿ. ಉಳದವಕ್ಕ ಬ್ಯಾಸರಾಗಬಾರ್ದಂತ ಎಂಟೂ ಕಾಸಿದೆ. ಯಾವೆರಡು ಅಂತ ಈಗ ನೆನಪಿಲ್ಲ.”

ಹೊಳೆಪ್ಪ ನಗುವುದಿಲ್ಲ. ದಬ್ಬಣ ತೆಗೆದು ಒಂದೊಂದೇ ಜಂತಿಗೆ ಚುಚ್ಚುತ್ತಾ ಬರುತ್ತಾರೆ. ಮೊದಲ ಐದರಲ್ಲಿ ಅದು ಇಳಿಯುವುದೇ ಇಲ್ಲ. ಬಚ್ಚಲ ಗೋಡೆಗೆ ಹತ್ತಿದ ಆರನೆಯದರಲ್ಲಿ ಹಿಡಿಕೆಯವರೆಗೂ ಹೋಗುತ್ತದೆ, ಏಳನೆಯದರಲ್ಲೂ. ಎಂಟನೆಯದು ಗಟ್ಟಿ. ಹೊರಬಂದ ದಬ್ಬಣದ ತುದಿಗೆ ಕಂದು ಪುಡಿ ಮೆತ್ತಿದೆ.

“ಇದರ ಮ್ಯಾಲ ಯಾರ್ನ ಕುಂದರ್ಸವರಿದ್ರಿ?”

ಬಸಕ್ಕ ತಲೆ ಎತ್ತಿ ಹಲಗೆ ಎಣಿಸುತ್ತಾರೆ. “ನಮ್ಮ ಸುವರ್ಣಾನ್ನ ರಿ.” ಕಿಟಕಿಯ ಗಾಳಿ ಬರಲೆಂದು ಸುವರ್ಣಾಳ ಕುರ್ಚಿ ಹಾಕಿಟ್ಟ ಜಾಗ ಅದೇ. ಕುರ್ಚಿ ತರಲು ಮೆಟ್ಟಿಲ ಕಡೆ ನಡೆದ ಶಿದ್ಲಿಂಗಪ್ಪನವರ ಧೋತರದ ತುದಿಯನ್ನು ಹೊಳೆಪ್ಪ ಹಿಡಿಯುತ್ತಾರೆ. “ನೀವು ಬ್ಯಾಡ್ರಿ. ಎಲ್ಲೆಲ್ಲಿ ಕಾಲಿಡಬೇಕು ನನಗ ಗೊತ್ತೈತಿ.” ಕುರ್ಚಿ ಇಳಿಯುತ್ತದೆ. ಕುಬಸ ಅಂಗಳದ ಪೆಂಡಾಲಿಗೆ ಬರುತ್ತದೆ.

ಏಣಿ ಹೆಗಲಿಗೇರಿಸುತ್ತಿರುವ ಅವರನ್ನು ಕೇಳುತ್ತೇನೆ, ಈ ಕೆಲಸಕ್ಕೆ ಯಾರಾದರೂ ಸನ್ಮಾನ ಮಾಡಿದ್ದಾರಾ ಎಂದು.

“ಬಿದ್ದ ಅಟ್ಟಾ ನೋಡಾಕ ಊರಿಗೂರ ಬರತೈತ್ರಿ. ಬೀಳಲಾರದ್ದನ್ನ ಯಾರು ನೋಡ್ತಾರ? ಭಾನುವಾರ ಆ ಹುಡುಗಿ ಉಡಿ ತುಂಬಿಸಿಕೊಂಡು ನಕ್ಕೋತ ಕುಂತಿರತಾಳ. ಯಾಕ ನಗಾಕತ್ತೇನಿ ಅಂತ ಅಕಿಗೆ ಗೊತ್ತಿರೂದಿಲ್ಲ, ನನಗ ಗೊತ್ತಿರತೈತಿ. ಅಷ್ಟ ಸಾಕು. ಮುಂದಿನ ಮನ್ಯಾಗರ ನನ್ನ ಹಪ್ಪಳ ಯಾರೂ ಮುಟ್ಟದಿದ್ರ ಇನ್ನೂ ಛಲೋ.”