ಸೀಟಿನ ಮೇಲಿನ ಗೋಣಿಚೀಲ

ಆ ನಾಲ್ಕು ಗಾಲಿಯ ಬೈಕಿನ ಸೀಟು ಎತ್ತಿದಾಗ ಮುಖಕ್ಕೆ ಹೊಡೆದ ವಾಸನೆ ಈಗಲೂ ಒಮ್ಮೊಮ್ಮೆ ಊಟದ ಹೊತ್ತಿನಲ್ಲಿ ನೆನಪಾಗುತ್ತದೆ. ಗಂಧಕ, ಸುಣ್ಣ, ಕೊಳೆತ ಗೋಣಿ, ಇಲಿಯ ಉಚ್ಚೆ, ಎಲ್ಲದರ ಮೇಲೆ ಪೆಟ್ರೋಲು. ತುತ್ತು ಕೈಯಲ್ಲೇ ಉಳಿಯುತ್ತದೆ. ಆದರೆ ಆ ಎರಡು ದಿನ ನನಗೆ ಹೇಸಿಗೆ ಬಂದದ್ದು ಬರೀ ವಾಸನೆಗಲ್ಲ.

ಅಪ್ಪ ಟಿಕೋಟಾದಿಂದ ಹೊನವಾಡಕ್ಕೆ ಹೋಗುವ ದಾರಿಯಲ್ಲಿರುವ ಒಂದು ದ್ರಾಕ್ಷಿ ತೋಟದಲ್ಲಿ ಕೂಲಿ. ಬಳ್ಳಿಗೆ ಔಷಧಿ ಸಿಂಪಡಿಸುವುದು, ನಮ್ಮ ಕಡೆಯ ಮಾತಿನಲ್ಲಿ ಎಣ್ಣಿ ಹೊಡೆಯುವುದು, ಅವನ ಕೆಲಸ. ಮೊದಲೆಲ್ಲ ಪಂಪನ್ನು ಬೆನ್ನಿಗೆ ಹೊತ್ತು ಹೊಡೆಯುತ್ತಿದ್ದ. ಅದರ ಮುಚ್ಚಳ ಸೋರಿ ಸೋರಿ ಬೆನ್ನಿನ ಚರ್ಮ ಬೆಂದಂತಾಗಿ ಸುಲಿಯತೊಡಗಿತು. ವಿಜಯಪುರದ ಡಾಕ್ಟರಿಗೆ ತೋರಿಸಿದಾಗ ಅವರು, "ಇನ್ನೊಮ್ಮಿ ಪಂಪ್ ಹೊತ್ತಿ ಅಂದ್ರ ಈ ಗಾಯ ಮಾಯೂದಿಲ್ಲ, ತಿಳೀತಿಲ್ಲೋ?" ಎಂದಿದ್ದರು. ಅಷ್ಟರಲ್ಲಿ ತೋಟದ ಸಾವಕಾರರು ಮಹಾರಾಷ್ಟ್ರದ ಯಾವುದೋ ಗುಡ್ಡದ ಊರಿನಿಂದ ಈ ಹಳೆಯ ಗಾಡಿ ತಂದರು. ಅಲ್ಲಿ ಪ್ರವಾಸಿಗರು ಅದನ್ನು ಮಣ್ಣಿನ ದಿಬ್ಬಗಳ ಮೇಲೆ ಹಾರಿಸುತ್ತಿದ್ದರಂತೆ. ಇಲ್ಲಿ ಅದರ ಹಿಂದೆ ಔಷಧಿಯ ಟಾಕಿ ಕಟ್ಟಿ ಸಾಲುಗಳ ನಡುವೆ ಎಳೆಸಿದರು. ಅಪ್ಪನ ಬೆನ್ನು ಉಳಿಯಿತು.

ನಾನು ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು. ಹಾಸ್ಟೆಲಿನ ನೀರುಸಾರು ಉಂಡು, ರಜೆಯಲ್ಲಿ ಇದೇ ತೋಟದಲ್ಲಿ ಗೊನೆ ಕತ್ತರಿಸಿ ಬಿ.ಎಸ್ಸಿ. ಮಾಡಿದೆ, ಆಮೇಲೆ ಬಿ.ಎಡ್. ಇದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಬಬಲೇಶ್ವರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ವಿಜಯಪುರದಲ್ಲಿ ಬಾಡಿಗೆ ಕೋಣೆ.

ಒಂದು ಶುಕ್ರವಾರ ಸಂಜೆ ಅಪ್ಪನ ಫೋನು ಬಂತು.

"ತಂಗಿ, ಗಾಡಿ ಚಾಲೂ ಆಗವಲ್ದು. ಕಿಡೀನ ಇಲ್ಲ."

"ಮಿಸ್ತ್ರಿ ಏನಂದ?"

"ಪ್ಲಗ್ ಹೋಗೈತಿ ಅಂದ. ಹೋದ ತಿಂಗ್ಳಾನೂ ಹಂಗ ಅಂದಿದ್ದ. ಅದರ ಹಿಂದಿನ ತಿಂಗ್ಳಾನೂ."

ಬಳ್ಳಿಗಳು ಹೂವಿನಲ್ಲಿದ್ದವು, ಮೂರು ದಿನದಿಂದ ಮಂಜು ಬೀಳುತ್ತಿತ್ತು. ಮಂಜು ಬಿದ್ದ ಮೇಲೆ ಔಷಧಿ ತಡವಾದರೆ ಬೂಸು ಹತ್ತಿ ಹೂವೆಲ್ಲ ಉದುರುತ್ತದೆ. ಸಾವಕಾರರು ಹಳೆಯ ಪಂಪನ್ನು ಅಟ್ಟದಿಂದ ಇಳಿಸಿ ಇಟ್ಟಿದ್ದರು. ರವಿವಾರ ಹೊತ್ತು ಏರುವುದರೊಳಗೆ ಗಾಡಿ ಚಾಲೂ ಆಗದಿದ್ದರೆ ಹೊರುವುದೇ ಎಂದಿದ್ದರು.

"ನೀ ಹೊರಾವೇನು?" ಎಂದು ಕೇಳಿದೆ.

"ಮತ್ತೇನ್ ಮಾಡ್ಲಿ ಬೇ."

ಶನಿವಾರ ಬೆಳಗಿನ ಶಾಲೆ ಮುಗಿಸಿ, ಲ್ಯಾಬಿನ ಕರೆಂಟು ಅಳೆಯುವ ಮೀಟರು ಚೀಲದಲ್ಲಿಟ್ಟುಕೊಂಡು ಎರಡು ಬಸ್ಸು ಬದಲಿಸಿ ತೋಟಕ್ಕೆ ಹೋದೆ. ಶೆಡ್ಡಿನ ಮುಂದೆ ಗಾಡಿ ನಿಂತಿತ್ತು. ಪಕ್ಕದಲ್ಲಿ ಟಿಕೋಟಾದ ಮಿಸ್ತ್ರಿ, ಬಾಯಿ ತುಂಬ ಗುಟಕಾ. ಸಾವಕಾರರು ಪ್ಲಾಸ್ಟಿಕ್ ಕುರ್ಚಿಯಲ್ಲಿ. ಪಂಪು ಅವರ ಕಾಲಿನ ಹತ್ತಿರ.

"ಅಕ್ಕೋರು ಬಂದ್ರು," ಎಂದ ಮಿಸ್ತ್ರಿ ಉಗುಳಿ ಬಂದು. "ಇನ್ನ ಗಾಡಿ ತಾನ ಪಾಠ ಒಪ್ಪಸ್ತೈತಿ."

"ಪ್ಲಗ್ ಬಿಚ್ಚಾಕೂ ಬಿ.ಎಸ್ಸಿ. ಬೇಕಾತೇನು ಈಗ?" ಎಂದರು ಸಾವಕಾರರು, ನನ್ನನ್ನಲ್ಲ, ಗಾಳಿಯನ್ನು ಕೇಳಿದಂತೆ.

"ಬಿಚ್ಚಾಕ ಬ್ಯಾಡ್ರಿ. ಬಿಚ್ಚಿದ್ದು ಯಾಕ ಅಂತ ತಿಳಿಯಾಕ ಬೇಕ್ರಿ," ಎಂದೆ. ಅಪ್ಪ ಕಣ್ಣಿನಲ್ಲೇ ಸುಮ್ಮನಿರು ಎಂದ.

ಪ್ಲಗ್ ತೆಗೆದು ತಂತಿಯ ತುದಿಯ ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಎಂಜಿನ್ನಿಗೆ ತಾಗಿಸಿ ಹಿಡಿದು, ಅಪ್ಪನಿಗೆ ಸ್ಟಾರ್ಟರ್ ಒತ್ತಲು ಹೇಳಿದೆ. ಎಂಜಿನ್ನು ಕಿರಗುಟ್ಟಿತು, ಕಿಡಿ ಬರಲಿಲ್ಲ. ಪ್ಲಗ್ ತಿಂಗಳ ಹಿಂದಿನದು, ಅದಕ್ಕೇನೂ ಆಗಿರಲಿಲ್ಲ. ಫ್ಯೂಸ್ ನೋಡಿದೆ. ಅಲ್ಲಿ ಫ್ಯೂಸ್ ಇರಲೇ ಇಲ್ಲ, ಗುಟಕಾ ಚೀಟಿಯೊಳಗಿನ ಬೆಳ್ಳಿ ಕಾಗದವನ್ನು ಸುತ್ತಿ ತುರುಕಿದ್ದರು. ಅದಕ್ಕೆ ಅಂಟಿದ ಕೆಂಪು ಪುಡಿಯೂ ಹಾಗೇ ಇತ್ತು. ನಾನು ಅದನ್ನು ಕಡ್ಡಿಯಿಂದ ಎತ್ತಿ ಮಿಸ್ತ್ರಿಗೆ ತೋರಿಸಿದೆ.

"ಕರೆಂಟ್ ಹೊಕ್ಕೈತಲ್ರಿ ಅಕ್ಕೋರ?" ಎಂದ. ಅವನಿಗೆ ನಾಚಿಕೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ.

ಇನ್ನು ಉಳಿದದ್ದು ಸೀಟಿನ ಕೆಳಗೆ. ಅಲ್ಲಿ ಬೆಂಕಿಪೊಟ್ಟಣದಷ್ಟು ಒಂದು ಕಪ್ಪು ಡಬ್ಬಿ ಇರುತ್ತದೆ, ಸಿ.ಡಿ.ಐ. ಎನ್ನುತ್ತಾರೆ. ಯಾವ ಗಳಿಗೆಯಲ್ಲಿ ಕಿಡಿ ಹಾರಬೇಕೆಂದು ಹೇಳುವುದು ಅದು. ಅದರ ಪಕ್ಕದಲ್ಲಿ ಆ ಕಿಡಿಗೆ ಬಲ ಕೊಡುವ ಕಾಯಿಲು. ಸೀಟು ಎತ್ತಬೇಕಾದರೆ ಮೊದಲು ಅದರ ಮೇಲಿನ ಗೋಣಿಚೀಲ ಬಿಚ್ಚಬೇಕಿತ್ತು.

ಆ ಚೀಲದ ಬಗ್ಗೆ ಹೇಳಬೇಕು. ಗಾಡಿ ಬಂದ ದಿನವೇ ಸಾವಕಾರರು ಅಪ್ಪನಿಗೆ ಅದನ್ನು ಕೊಟ್ಟು, ಕೂಡುವಾಗ ಹಾಸಿಕೊ ಎಂದಿದ್ದರು. ಸೀಟಿಗೆ ಔಷಧಿ ಹತ್ತಬಾರದು ಎಂಬುದು ಕಾರಣ. ಆದರೆ ಅವರ ಅಳಿಯ ಔಷಧಿ ಹೊಡೆಯಲು ಕೂತಾಗ ಚೀಲ ಇರುತ್ತಿರಲಿಲ್ಲ. ಸಾವಕಾರರು ತೋಟ ಸುತ್ತಲು ಹೊರಟಾಗ ಅದನ್ನು ಒಣಗಿದ ದ್ರಾಕ್ಷಿ ಕಡ್ಡಿಯಿಂದ ಎತ್ತಿ ಆಚೆ ಒಗೆಯುತ್ತಿದ್ದರು. ನಾನು ರಜೆಯಲ್ಲಿ ಕಣ್ಣಾರೆ ನೋಡಿದ್ದೇನೆ. ನಾವು ಯಾವ ಕೇರಿಯವರೆಂದು ತೋಟಕ್ಕೆಲ್ಲ ಗೊತ್ತು, ಬಿಡಿಸಿ ಹೇಳುವ ಕೆಲಸವಿಲ್ಲ.

ಚೀಲ ಜಾರಬಾರದೆಂದು ಅಪ್ಪ ಅದರ ಹಿಂದಿನ ತುದಿಯನ್ನು ಸೀಟಿನ ಕೆಳಗೆ ತುರುಕಿ ಒತ್ತಿಡುತ್ತಿದ್ದ. ಆ ತುದಿ ನೇರವಾಗಿ ಡಬ್ಬಿಯ ಮೇಲೆ ಬಂದು ಬಿದ್ದಿತ್ತು. ಮೇಲೆ ಚೀಲ ದಿನವೂ ಔಷಧಿಯಲ್ಲಿ ನೆನೆಯುತ್ತಿತ್ತು, ಕೆಳಗೆ ತುದಿ ದೀಪದ ಬತ್ತಿಯ ಹಾಗೆ ಅದನ್ನು ಎಳೆದು ಎಳೆದು ಹನಿಸುತ್ತಿತ್ತು. ಔಷಧಿಯಲ್ಲಿ ಮೈಲುತುತ್ತ. ಡಬ್ಬಿಯ ಸಾಕೆಟ್ಟು ಹಸಿರು ಹಿಟ್ಟಾಗಿತ್ತು. ಎಳೆದರೆ ಎರಡು ಪಿನ್ನು ಮುರಿದು ಕೈಗೆ ಬಂದವು. ಕಾಯಿಲನ್ನು ಚಾಸಿಗೆ, ಗಾಡಿಯ ಕಬ್ಬಿಣದ ಚೌಕಟ್ಟಿಗೆ, ಬಿಗಿದ ಬೋಲ್ಟು, ಅಂದರೆ ಅದರ ಅರ್ಥಿಂಗು, ತಾಮ್ರದ ಕಂದು ಬಣ್ಣಕ್ಕೆ ತಿರುಗಿ ಸುತ್ತ ಬುರುಬುರು ತುಕ್ಕು ಹಿಡಿದಿತ್ತು. ತುತ್ತದ ನೀರಿನಲ್ಲಿ ಕಬ್ಬಿಣದ ಮೊಳೆ ಇಟ್ಟರೆ ಮೊಳೆ ಕಂದಾಗುವುದನ್ನು ನಾನು ಪ್ರತಿ ವರ್ಷ ಹತ್ತನೆಯ ತರಗತಿಗೆ ಮಾಡಿ ತೋರಿಸುತ್ತೇನೆ. ನಮ್ಮಪ್ಪನ ಕೆಳಗೇ ಆ ಪ್ರಯೋಗ ನಡೆಯುತ್ತಿತ್ತು. ಗೋಣಿಯ ಮಡಿಕೆಯಲ್ಲಿ ಇಲಿ ಮರಿ ಹಾಕಿತ್ತು, ಮರಿಗಳು ಅಲ್ಲೇ ಸತ್ತು ಸುಣ್ಣದಲ್ಲಿ ಅಂಟಿದ್ದವು. ನಾನು ಸೆರಗು ಮೂಗಿಗೆ ಹಿಡಿದೆ. ಅಪ್ಪ ಬರಿಗೈಯಿಂದ ಅವನ್ನು ಕಿತ್ತು ದೂರ ಒಗೆದ.

ಹಳೆಯ ಡಬ್ಬಿ, ಕಾಯಿಲು ತೆಗೆದುಕೊಂಡು ಸಂಜೆಯ ಬಸ್ಸಿಗೆ ವಿಜಯಪುರ ಸೇರಿದೆ. ಮೊದಲ ಅಂಗಡಿಯಲ್ಲಿ, ಇಂಥ ಗಾಡಿಯೇ ಇಲ್ಲ ಎಂದರು. ಎರಡನೆಯವನು ಪಿನ್ನು ಎಣಿಸಿ, ಒಂದು ಸ್ಕೂಟರಿನ ಡಬ್ಬಿ ತಂದು ಪಕ್ಕಕ್ಕಿಟ್ಟು, "ಎಂಜಿನ್ ಒಂದ ಜಾತಿದ ಐತ್ರಿ, ಕುಂದರತೈತಿ," ಎಂದ. ಕಾಯಿಲು, ಕ್ಯಾಪು, ತಂತಿ ಸಮೇತ ಸಾಕೆಟ್ಟು, ಫ್ಯೂಸು ಕೊಟ್ಟ. ಇರಲಿ ಎಂದು ಒಂದು ಪ್ಲಗ್ಗೂ ಕೇಳಿದೆ. ಹೊಸ ಪೆಟ್ಟಿಗೆಯಿಂದ ತೆಗೆದು ಕೊಟ್ಟದ್ದು ಹಳೆಯದು. ಮೇಲೆಲ್ಲ ತಿಕ್ಕಿ ಹೊಳೆಸಿದ್ದರು, ಒಳಗಿನ ಪಿಂಗಾಣಿಯ ಬುಡದಲ್ಲಿ ಮಸಿ ಹಾಗೇ ಇತ್ತು.

"ಇದು ಹಳೇದ್ರಿ."

"ಯಾರ್ ಹೇಳಿದ್ರಿ? ನಿಮ್ಮವ್ರನ್ನ ಕರ್ಕೊಂಡ್ ಬರ್ರಿ, ಗಂಡಸೂರಿಗಿ ತಿಳಿತೈತಿ."

"ನಮ್ಮವ್ರು ಇನ್ನೂ ಹುಟ್ಟಿಲ್ರಿ. ಹೊಸಾದು ಕೊಡ್ರಿ," ಎಂದೆ. ಗಲ್ಲಾಪೆಟ್ಟಿಗೆಯ ಮುಂದೆ ಕೂತ ಮುದುಕ ನಕ್ಕ. ಇವನು ನಗದೆ ಒಳಗೆ ಹೋಗಿ ಹೊಸದು ತಂದ.

ರವಿವಾರ ಮೊದಲ ಬಸ್ಸಿಗೆ ಹೋದೆ. ಮಂಜು ಇನ್ನೂ ಇತ್ತು. ಸಾವಕಾರರು ಆಗಲೇ ಪಂಪಿಗೆ ಔಷಧಿ ತುಂಬಿಸಿ ಬದುವಿನ ಮೇಲೆ ಇಡಿಸಿದ್ದರು. ಅದರ ಮುಚ್ಚಳದಿಂದ ನೀಲಿ ಹನಿ ಇಳಿಯುತ್ತಿತ್ತು. ಅಪ್ಪ ಅಂಗಿ ಕಳಚಿ, ಬೆನ್ನಿಗೆ ಹಳೆಯ ಟವೆಲ್ಲು ಕಟ್ಟಿಕೊಂಡು ನಿಂತಿದ್ದ. ಅವನ ಬೆನ್ನು ನೋಡಿ ನಾನು ಗಾಡಿಯ ಪಕ್ಕದಲ್ಲಿ ಕೂತೆ.

ಚಾಸಿಯನ್ನು ಲೋಹ ಹೊಳೆಯುವ ತನಕ ಕೆರೆದೆ. ಕಾಯಿಲು ಬಿಗಿದೆ. ಕಾಯಿಲಿನ ತಂತಿಗೆ ಹೊಸ ಕ್ಯಾಪು ತಿರುಗಿಸಿ ಕೂರಿಸಿದೆ. ಹಸಿರು ಹಿಡಿದ ಸಾಕೆಟ್ಟು ಕತ್ತರಿಸಿ, ಬಣ್ಣ ನೋಡಿ ನೋಡಿ ಹೊಸದರ ತಂತಿ ಬೆಸೆದು, ಹೊಸ ಡಬ್ಬಿ ಸಿಕ್ಕಿಸಿ, ಫ್ಯೂಸು ಹಾಕಿದೆ. ಮಿಸ್ತ್ರಿ ಟಾರ್ಚು ಹಿಡಿದಿದ್ದ. ಅವನು ಬಗ್ಗಿ ಮೆಲ್ಲಗೆ, "ಚೀಲಾನ ಕಾರಣ ಅಲ್ರಿ?" ಎಂದ.

"ನಿನಗ ಗೊತ್ತಿತ್ತು?"

"ಮೊದಲನೇ ಸಲಾನ ಗೊತ್ತಾತ್ರಿ. ಚೀಲ ಹಾಕಬ್ಯಾಡ್ರಿ ಅಂತ ಸಾವ್ಕಾರ್ರಿಗೆ ಹೆಂಗ ಹೇಳೂದು? ಒರಸಿ, ಪ್ಲಗ್ ಬದಲ ಮಾಡಿ ಹೋಗ್ತಿದ್ನಿ."

ಗುಟಕಾದ ಉಗುಳಿಗೂ ಸತ್ತ ಇಲಿಗೂ ಬಾರದಷ್ಟು ಹೇಸಿಗೆ ನನಗೆ ಆಗ ಬಂತು. ಎರಡು ಪ್ಲಗ್ಗು ಬದಲಾಗಿದ್ದವು. ಈ ಒಂದು ಮಾತನ್ನು ಅವನು ಆಡಿರಲಿಲ್ಲ.

ಅಪ್ಪ ಸ್ಟಾರ್ಟರ್ ಒತ್ತಿದ. ಪ್ಲಗ್ಗಿನ ತುದಿಯಲ್ಲಿ ನೀಲಿ ಕಿಡಿ ಚಟಚಟ ಹಾರಿತು. ಪ್ಲಗ್ಗನ್ನು ಅದರ ಜಾಗದಲ್ಲಿ ಬಿಗಿದು ಮತ್ತೆ ಒತ್ತಿದಾಗ ಗಾಡಿ ಎರಡು ಸಲ ಕೆಮ್ಮಿ ಚಾಲೂ ಆಯಿತು. ಅಪ್ಪ ಟವೆಲ್ಲು ಬಿಚ್ಚಿ ಅಂಗಿ ತೊಟ್ಟ. ತೊಟ್ಟವನೇ, ನಾನು ನೋಡುತ್ತಿದ್ದಂತೆ, ಬೇಲಿಯ ಮೇಲಿದ್ದ ಚೀಲಕ್ಕೆ ಕೈ ಹಾಕಿದ. ಯಾರೂ ಹೇಳಿರಲಿಲ್ಲ. ಕೈ ತಾನೇ ಹೋಯಿತು.

"ಯಪ್ಪಾ, ಬಿಡು ಅದನ್ನ," ಎಂದೆ. ಆಮೇಲೆ ಸಾವಕಾರರಿಗೆ ಡಬ್ಬಿ, ತುಕ್ಕು, ಬತ್ತಿ ಎಲ್ಲ ಬಿಡಿಸಿ ಹೇಳಿದೆ. "ಚೀಲ ಹಾಕಿದ್ರ ಮತ್ತ ನಿಲ್ಲತೈತ್ರಿ ಗಾಡಿ."

ಅವರು ಹಸಿರು ಸಾಕೆಟ್ಟನ್ನು ದೂರದಿಂದಲೇ ನೋಡಿದರು. "ಹಂಗಾರ ಪ್ಲಾಸ್ಟಿಕ್ ಹಾಳಿ ಹಾಸೂಣು. ನೀರು ಇಳ್ಯಂಗಿಲ್ಲ."

"ನೀವು ಕುಂತಾಗ ಏನು ಹಾಸ್ತೀರಿ?"

ಮಿಸ್ತ್ರಿ ಟಾರ್ಚು ಆರಿಸಿ ಅದರ ಗಾಜು ಒರೆಸತೊಡಗಿದ. ಸಾವಕಾರರು ಅಪ್ಪನನ್ನು ನೋಡಿದರು, ಆಕಾಶ ನೋಡಿದರು. ಮಂಜು ಕರಗಿ ಬಿಸಿಲು ಎಲೆಯ ಮೇಲೆ ಬಂದಿತ್ತು.

"ಹೊತ್ತಾತು, ಹೋಗ್ ಹೋಗ್," ಎಂದರು ಕೊನೆಗೆ. "ಮಗಳಿಗಿ ಭಾಳ ಕಲಿಸೀ ನೀ."

"ಹೌದ್ರಿ, ಕಲಿಸೇನ್ರಿ," ಎಂದ ಅಪ್ಪ.

ಮೊದಲ ಸಾಲಿನಲ್ಲಿ ಅವನು ಸೀಟಿನ ಅಂಚಿಗೆ ಅರ್ಧ ಕೂತು, ಬಿದ್ದುಬಿಡುವವನ ಹಾಗೆ ಹೋದ. ಮೂರನೆಯ ಸಾಲಿನಿಂದ ತಿರುಗಿ ಬರುವಾಗ ಪೂರಾ ಕೂತಿದ್ದ. ಅವನು ಗಾಡಿ ನಿಲ್ಲಿಸಿದಾಗ ನಾನು ಬದುವಿನ ಮೇಲಿನ ಪಂಪನ್ನು ಎತ್ತಿ ಔಷಧಿಯನ್ನು ಟಾಕಿಗೆ ಸುರಿದು ಬಂದೆ. ಚೀಲವನ್ನು ಸುಟ್ಟೆ, ಅದರ ಹೊಗೆಯೂ ನಾರಿತು.

ಹದಿನೈದು ದಿನದ ಮೇಲೆ ಫೋನಿನಲ್ಲಿ ಗಾಡಿ ಹೇಗಿದೆ ಎಂದು ಕೇಳಿದೆ.

"ಒಂದ ಒತ್ತಿಗೆ ಚಾಲೂ ಆಕ್ಕೈತಿ," ಎಂದ ಅಪ್ಪ. ಆಮೇಲೆ, "ಸಾವ್ಕಾರ್ರು ಅದರ ಮ್ಯಾಲ ಕುಂದ್ರೂದು ಬಿಟ್ಟಾರ. ಅಳಿಯಾನೂ ಬಿಟ್ಟಾನ. ಈಗ ನಡಕೋತ ತ್ವಾಟಾ ಸುತ್ತಾಕತ್ತಾರ," ಎಂದ.

"ನಡಕೋತನ?" ಎಂದೆ.

"ನಡೀಲಿ ಬಿಡು ಯವ್ವಾ," ಎಂದ ಅವನು. "ಹೆಂಗೂ ಅವ್ರಿಗೆ ಶುಗರ್ ಐತಿ."