ಮೇಣದ ವಾಸನೆ, ಮೆಣಸಿನ ಘಾಟು

ಅಡುಗೆಮನೆಯಲ್ಲಿ ಮೇಣ ಕರಗಿಸುವುದನ್ನು ನಿಲ್ಲಿಸಬೇಕೆಂದು ಹೇಳಲು ನಮ್ಮ ಬಿಲ್ಡಿಂಗಿನ ಸೊಸೈಟಿಯ ಸೆಕ್ರೆಟರಿ ಬಂದಾಗ ಒಲೆಯ ಮೇಲೆ ಮೇಣ ಕರಗುತ್ತಲೇ ಇತ್ತು. ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ. ಅದರಲ್ಲಿ ಜೇನುಮೇಣ, ತೆಂಗಿನೆಣ್ಣೆ, ಸ್ವಲ್ಪ ಹರಳೆಣ್ಣೆ. ಒಡೆದ ಹಿಮ್ಮಡಿಗೆ ಹಚ್ಚುವ ಮುಲಾಮು. ಡೊಂಬಿವಲಿಯ ಈ ಫ್ಲ್ಯಾಟಿನಿಂದ ನನ್ನ ಡಬ್ಬಿಗಳು ಕಲ್ಯಾಣದ ಪಾರ್ಲರುಗಳಿಗೂ ಬೇಲಾಪುರದ ಆಫೀಸುಗಳ ಹೆಂಗಸರಿಗೂ ಹೋಗುತ್ತವೆ.

ಇದರ ಹದವನ್ನು ನಾನು ಯಾವ ಕ್ಲಾಸಿಗೂ ಹೋಗಿ ಕಲಿತದ್ದಲ್ಲ. ಬೆಲ್ಲದ ಪಾಕ ನೋಡಿದ ಕೈಗೆ ಇದೇನು ಮಹಾ? ತಣ್ಣಗಿನ ಸ್ಟೀಲ್ ತಟ್ಟೆಗೆ ಒಂದು ಹನಿ ಬಿಟ್ಟು ಬೆರಳಲ್ಲಿ ಒತ್ತಿದರೆ ಸಾಕು. ಮೇಣ ಹೆಚ್ಚಾದರೆ ಕಾಲಿಗೆ ಹತ್ತುವುದಿಲ್ಲ; ಎಣ್ಣೆ ಹೆಚ್ಚಾದರೆ ಮೇ ತಿಂಗಳ ಲೋಕಲ್ ಟ್ರೈನಿನಲ್ಲಿ ಪರ್ಸಿನ ತುಂಬ ಹರಿಯುತ್ತದೆ.

“ಇದು ಬಿಲ್ಡಿಂಗು ಅಕ್ಕ, ಫ್ಯಾಕ್ಟರಿ ಅಲ್ಲ,” ಎಂದರು ಸೆಕ್ರೆಟರಿ. ಅವರೂ ಉಡುಪಿ ಕಡೆಯವರೇ. “ವಾಸನೆ ಬರ್ತದೆ ಅಂತ ಕಂಪ್ಲೇಂಟ್ ಉಂಟು. ಬೆಂಕಿ ಗಿಂಕಿ ಹಿಡಿದರೆ ಎಂತ ಮಾಡುವುದು? ಅಂಬರನಾಥದಲ್ಲಿ ಒಂದು ಗಾಳಾ ಬಾಡಿಗೆಗೆ ತಕೊಳ್ಳಿ. ಇಲ್ಲದಿದ್ರೆ ನೋಟಿಸು ಕೊಡ್ಬೇಕಾಗ್ತದೆ.”

ಗಾಳಾ ಎಂದರೆ ಸಣ್ಣ ಫ್ಯಾಕ್ಟರಿಯವರು ಹಿಡಿಯುವ ಶೆಡ್ಡು; ಅದರ ಬಾಡಿಗೆ ಕೊಟ್ಟರೆ ನನ್ನ ಕೆಲಸ ಅಲ್ಲಿಗೇ ಮುಗಿಯಿತು. ಅದು ಅವರಿಗೂ ಗೊತ್ತಿತ್ತು.

“ಸ್ವಲ್ಪ ದಿನ ನಿಲ್ಸು ಮಾರಾಯ್ತಿ, ಸುಮ್ಮನೆ ಯಾಕೆ ರಗಳೆ?” ಎಂದರು ರಾತ್ರಿ ಹೋಟೆಲಿನಿಂದ ಬಂದ ನನ್ನ ಗಂಡ.

ನನಗೆ ಮೈಯೆಲ್ಲ ಉರಿದುಹೋಯಿತು. ಎಂಐಡಿಸಿಯ ಕೆಮಿಕಲ್ ಫ್ಯಾಕ್ಟರಿಗಳ ಕಡೆಯ ಗಾಳಿ ಬೀಸಿದರೆ ಕಿಟಕಿ ಮುಚ್ಚಿಕೊಂಡು ತೆಪ್ಪಗಿರುವ ಬಿಲ್ಡಿಂಗು ಇದು. ಅದು ಹೋಗಲಿ. ಮದುವೆಯಾಗಿ ಬಂದಲ್ಲಿಂದ ಇದೇ ಒಲೆಯಲ್ಲಿ ನಾನು ಗಂಡನ ಹೋಟೆಲಿಗೆ ಸಾಂಬಾರಿನ ಮಸಾಲೆ ಹುರಿದಿದ್ದೇನೆ. ಅವರು ಹೋಟೆಲಿಗೆ ಪ್ಯಾಕೆಟ್ ಪುಡಿ ತರಿಸಲು ಶುರುಮಾಡುವವರೆಗೂ ವಾರವಾರ ಮೂರು ಮಾಳಿಗೆಯವರು ಕೆಮ್ಮಿದ್ದಾರೆ. ಒಬ್ಬರೂ ಬಾಗಿಲು ತಟ್ಟಲಿಲ್ಲ. ಆಗ ಬೆಂಕಿ ಬೆಂಕಿಯಾಗಿರಲಿಲ್ಲವೇ? ಅದು ಗಂಡಸಿನ ಹೋಟೆಲು; ಇದು ಹೆಂಗಸಿನ ಹುಚ್ಚು. ಅಷ್ಟೇ ವ್ಯತ್ಯಾಸ.

ಮರುದಿನ ಬೆಳಿಗ್ಗೆ ಮಾರ್ಕೆಟ್ಟಿಗೆ ಹೋಗಿ ಒಂದು ಚೀಲ ಒಣಮೆಣಸು ತಂದೆ. ಅಟ್ಟದಿಂದ ದೊಡ್ಡ ಬಾಣಲೆ ಇಳಿಸಿ ಒಲೆಗೇರಿಸಿದೆ. ಮುಂಬಾಗಿಲನ್ನು ಹಾರುಹೊಡೆದು ಹುರಿಯತೊಡಗಿದೆ. ಮೊದಲು ಕೆಮ್ಮಿದವಳು ನಾನೇ. ಆಮೇಲೆ ಎದುರುಮನೆ, ಮೇಲಿನ ಮನೆ, ಲಿಫ್ಟಿನೊಳಗಿದ್ದ ಯಾರೋ.

ಸೆಕ್ರೆಟರಿ ಮೂಗಿಗೆ ಟವೆಲು ಒತ್ತಿಕೊಂಡು ಬಂದರು. ಬಾಣಲೆ ಕಂಡದ್ದೇ ಅವರ ಮುಖ ಸಡಿಲವಾಯಿತು.

“ಓ, ಹೋಟೆಲಿನ ಮಸಾಲೆಯಾ? ನಿಮ್ಮ ಮೇಣವೇನೋ ಅಂತ ಹೆದರಿದೆ. ಹಾಗಾದ್ರೆ ತೊಂದರೆ ಇಲ್ಲ,” ಎಂದು ಕೆಮ್ಮುತ್ತಲೇ ತಿರುಗಿದರು.

“ನಿಲ್ಲಿ,” ಎಂದೆ. “ಇದು ಹೋಟೆಲಿಗಲ್ಲ, ನಿಮಗಾಗಿಯೇ ಹುರಿದದ್ದು. ಈಗ ಮೇಣ ಇಡ್ತೇನೆ. ಯಾವುದಕ್ಕೆ ಕಣ್ಣಲ್ಲಿ ನೀರು ಬರ್ತದೆ, ಇಲ್ಲೇ ನಿಂತು ನೋಡಿ. ಆಮೇಲೆ ನೋಟಿಸು ಬರೆಯಿರಿ.”

ಅವರು ನಿಲ್ಲಲಿಲ್ಲ. ನೋಟಿಸೂ ಬರಲಿಲ್ಲ. ಬಾಣಲೆ ಇಳಿಸಿ ಅದೇ ಒಲೆಯ ಮೇಲೆ ಮೇಣದ ಪಾತ್ರೆ ಇಟ್ಟೆ. ಬಾಗಿಲನ್ನು ಮಾತ್ರ ಮುಚ್ಚಲಿಲ್ಲ. ಇವತ್ತಿಗೂ ಮುಚ್ಚುವುದಿಲ್ಲ.